ಪ್ಲೇಟ್‌ಲೆಟ್‌ಗಳು ಎಲ್ಲಿ ಸಾಯುತ್ತವೆ?

ಡೆಂಗಿಯ ದೆಸೆಯಿಂದ ಪ್ಲೇಟ್‌ಲೆಟ್ ಎಂಬ ಮಾತು ಈಗ ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತು. ಮಳೆಗಾಲದಲ್ಲಿ ಯಾರಿಗಾದರೂ ಜ್ವರ ಬಂದರೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆಯೇ ‘ಕೌಂಟ್ ಎಷ್ಟಿದೆ?’ ಡೆಂಗಿಯಲ್ಲಿ ಇಳಿದ ಕೌಂಟ್ ಸಾಮಾನ್ಯವಾಗಿ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಆದರೆ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಜ್ವರ ಇರುವುದಿಲ್ಲ, ನೋವೂ ಇರುವುದಿಲ್ಲ. ನಿನ್ನೆಯವರೆಗೆ ಆಡಿಕೊಂಡಿದ್ದ ಮಗುವಿನ ಕಣಕಾಲಿನ ಮೇಲೆ ಬೆಳಗಾಗುವಷ್ಟರಲ್ಲಿ ಸೂಜಿಮೊನೆಯಷ್ಟು ಚಿಕ್ಕ ಕೆಂಪು ಚುಕ್ಕೆಗಳು ಎದ್ದಿರುತ್ತವೆ. ಬೆರಳಿನಿಂದ ಒತ್ತಿದರೆ ಅವು ಮಾಸುವುದಿಲ್ಲ, ಏಕೆಂದರೆ ಅವು ಗುಳ್ಳೆಗಳಲ್ಲ, ಚರ್ಮದ ಒಳಗೆ ಸೋರಿದ ರಕ್ತ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ಸ್ವಲ್ಪ ತಗುಲಿದರೂ ತೋಳಿನ ಮೇಲೆ ಅಂಗೈಯಗಲ ಕಪ್ಪುಗಟ್ಟುತ್ತದೆ. ರಕ್ತಪರೀಕ್ಷೆ ಮಾಡಿಸಿದರೆ ಮೈಕ್ರೊಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕೆ ಇಳಿದಿರುವುದು ಗೊತ್ತಾಗುತ್ತದೆ. ರಕ್ತದ ಉಳಿದ ಕಣಗಳೆಲ್ಲ ಸರಿಯಾಗಿಯೇ ಇರುತ್ತವೆ.

ಇದರ ಹೆಸರು ಇಮ್ಯೂನ್ ಥ್ರಾಂಬೊಸೈಟೊಪೀನಿಯ. ವೈದ್ಯರ ಬಾಯಲ್ಲಿ ಐಟಿಪಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ಜೀವಕೋಶಗಳು ದೇಹದ್ದೇ ಪ್ಲೇಟ್‌ಲೆಟ್‌ಗಳನ್ನು ಹಗೆಯೆಂದು ಬಗೆದು ಮುಗಿಸುವ ಕಾಯಿಲೆ. ಇಷ್ಟು ಹೇಳಲು ಈಗ ಒಂದು ಸಾಲು ಸಾಕು. ಆ ಒಂದು ಸಾಲನ್ನು ತಿಳಿಯಲು ವೈದ್ಯವಿಜ್ಞಾನಕ್ಕೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ನಡುವೆ ಒಬ್ಬ ವೈದ್ಯ ತನ್ನ ಪ್ರಾಣವನ್ನೇ ಒಡ್ಡಿದ.

ರೋಗದ ಚಹರೆಯನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಜರ್ಮನಿಯ ಹ್ಯಾನೋವರಿನ ವೈದ್ಯ ಪೌಲ್ ವೆರ್ಲ್‌ಹಾಫ್, 1735ರಲ್ಲಿ. ಮೈತುಂಬ ಕಲೆ, ಮೂಗುಬಾಯಿಯಿಂದ ರಕ್ತ, ಆಮೇಲೆ ವಾಸಿ ಎಂಬ ವಿವರಗಳು ಅವನಿಗೆ ಕಂಡವು. ಕಾರಣ ಕಾಣುವಂತಿರಲಿಲ್ಲ; ಆಗ ಪ್ಲೇಟ್‌ಲೆಟ್ ಎಂಬ ವಸ್ತು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. 1882ರಲ್ಲಿ ಇಟಲಿಯ ಜೂಲಿಯೊ ಬಿಟ್ಸೊಟ್ಸೆರೊ ಈ ಪುಟ್ಟ ಬಿಲ್ಲೆಗಳು ಗಾಯದ ಬಾಯಲ್ಲಿ ಒಟ್ಟುಗೂಡಿ ರಕ್ತವನ್ನು ತಡೆಯುವುದನ್ನು ತೋರಿಸಿದ. 1906ರಲ್ಲಿ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್ ಅವುಗಳ ತವರು ಯಾವುದೆಂದು ಹುಡುಕಿದ. ಮೂಳೆಮಜ್ಜೆಯಲ್ಲಿರುವ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಕೋಶಗಳು ತಮ್ಮ ಮೈಯಿಂದಲೇ ಚೂರುಚೂರಾಗಿ ಪ್ಲೇಟ್‌ಲೆಟ್‌ಗಳನ್ನು ರಕ್ತಕ್ಕೆ ಬಿಡುತ್ತವೆ. ಹೀಗೆ ಹೊರಬಿದ್ದ ಪ್ಲೇಟ್‌ಲೆಟ್ ಆರೋಗ್ಯವಂತರಲ್ಲಿ ಎಂಟು-ಹತ್ತು ದಿನ ಬದುಕುತ್ತದೆ.

ಅಲ್ಲಿಗೆ ಪ್ರಶ್ನೆ ನೇರವಾಯಿತು. ಈ ರೋಗಿಗಳಲ್ಲಿ ಪ್ಲೇಟ್‌ಲೆಟ್ ಕಡಿಮೆಯಿರುವುದು ಮಜ್ಜೆ ಹೆರದೆ ಇರುವುದರಿಂದಲೋ, ಹೆತ್ತದ್ದು ಬೇಗ ಸಾಯುವುದರಿಂದಲೋ? 1915ರಲ್ಲಿ ಜರ್ಮನಿಯ ವೈದ್ಯ ಫ್ರಾಂಕ್ ತಪ್ಪು ಮಜ್ಜೆಯದೇ ಎಂದ. ಮರುವರ್ಷ ಪ್ರಾಗ್ ನಗರದಲ್ಲಿ ಪೌಲ್ ಕಾಜ್ನೆಲ್ಸನ್ ಅದಕ್ಕೆ ಎದುರು ನಿಂತ. ಅವನಿನ್ನೂ ವೈದ್ಯಕೀಯ ವಿದ್ಯಾರ್ಥಿ. ಕೆಂಪುರಕ್ತಕಣಗಳು ಒಡೆಯುವ ಒಂದು ಬಗೆಯ ರಕ್ತಹೀನತೆಯಲ್ಲಿ ಗುಲ್ಮವನ್ನು ತೆಗೆದರೆ ರೋಗಿ ಚೇತರಿಸಿಕೊಳ್ಳುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬಿನ ಮರೆಯಲ್ಲಿ ಕೂತಿರುವ ಈ ಮುಷ್ಟಿಗಾತ್ರದ ಅಂಗ ಹಳೆಯ ರಕ್ತಕಣಗಳನ್ನು ವಿಲೇವಾರಿ ಮಾಡುತ್ತದೆ. ಪ್ಲೇಟ್‌ಲೆಟ್‌ಗಳನ್ನೂ ಅದು ಅವಧಿಗೆ ಮುಂಚೆಯೇ ಮುಗಿಸುತ್ತಿರಬಹುದಲ್ಲ? ಹಾಗೆಂದು ವಾದಿಸಿ, ವರ್ಷಗಳಿಂದ ರಕ್ತಸ್ರಾವದಲ್ಲಿ ನವೆದಿದ್ದ ಒಬ್ಬ ಹೆಂಗಸಿನ ಗುಲ್ಮ ತೆಗೆಯುವಂತೆ ಶಸ್ತ್ರವೈದ್ಯ ಶ್ಲೋಫರ್ ಅವರನ್ನು ಅವನು ಒಪ್ಪಿಸಿದ. ಶಸ್ತ್ರಚಿಕಿತ್ಸೆ ಆಯಿತು. ಅವಳ ಪ್ಲೇಟ್‌ಲೆಟ್ ಕೌಂಟ್ ಸರ್ರನೆ ಏರಿತು.

ವಿದ್ಯಾರ್ಥಿಯ ಮಾತಿಗೆ ಪ್ರಾಧ್ಯಾಪಕರು ಕಿವಿಗೊಟ್ಟ ಈ ಪ್ರಸಂಗ ನನಗೆ ಬಹಳ ಇಷ್ಟ. ಆದರೂ ಜಗಳ ತೀರಲಿಲ್ಲ. ಗುಲ್ಮ ತೆಗೆದರೆ ಗುಣವಾಗುತ್ತದೆ, ನಿಜ. ಆದರೆ ಗುಲ್ಮವೇ ಏನೋ ದ್ರವ್ಯವನ್ನು ಸೂಸಿ ಮಜ್ಜೆಯನ್ನು ಮಲಗಿಸುತ್ತಿರಬಹುದಲ್ಲ ಎಂದು ಫ್ರಾಂಕ್ ಕಡೆಯವರು ಕೇಳಿದರು. ಗುಲ್ಮ ತೆಗೆದರೂ ಗುಣವಾಗದವರು ಇದ್ದರು. ಇನ್ನೂ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತಲೇ ಇತ್ತು. ಈ ರೋಗವಿದ್ದ ತಾಯಂದಿರಿಗೆ ಹುಟ್ಟಿದ ಕೆಲವು ಕೂಸುಗಳ ಮೈಮೇಲೂ ಅದೇ ಕೆಂಪು ಚುಕ್ಕೆಗಳಿರುತ್ತಿದ್ದವು, ಕೆಲವು ವಾರಗಳಲ್ಲಿ ಮಾಯವಾಗುತ್ತಿದ್ದವು. ಎಷ್ಟೋ ಹಿಂದೆಯೇ ಗುಲ್ಮ ತೆಗೆಸಿಕೊಂಡು ಗುಣವಾದ ತಾಯಿಯ ಮಗುವಿನಲ್ಲೂ ಹೀಗಾಗುತ್ತಿತ್ತು. ತಾಯಿಯ ರಕ್ತದಿಂದ ಏನೋ ಒಂದು ಮಾಸು ದಾಟಿ ಮಗುವಿಗೆ ಹೋಗುತ್ತಿದೆ, ಕೆಲವು ವಾರಗಳಲ್ಲಿ ಕರಗುತ್ತಿದೆ ಎಂಬ ಸೂಚನೆ ಅದು.

1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆಯಲ್ಲಿ ಇಬ್ಬರು ಎಳೆಯ ವೈದ್ಯರು ಈ ಸೂಚನೆಯನ್ನು ಕೈಗೆತ್ತಿಕೊಂಡರು. ವಿಲಿಯಂ ಹ್ಯಾರಿಂಗ್ಟನ್ ಮತ್ತು ಜೇಮ್ಸ್ ಹಾಲಿಂಗ್ಸ್‌ವರ್ತ್. ರೋಗಿಯ ರಕ್ತದಲ್ಲಿ ಪ್ಲೇಟ್‌ಲೆಟ್ ನಾಶಮಾಡುವ ವಸ್ತು ಇರುವುದೇ ನಿಜವಾದರೆ, ಆ ರಕ್ತವನ್ನು ಆರೋಗ್ಯವಂತನಿಗೆ ಹಾಕಿದಾಗ ಅವನ ಪ್ಲೇಟ್‌ಲೆಟ್‌ಗಳೂ ಇಳಿಯಬೇಕು. ಯಾರಿಗೆ ಹಾಕುವುದು? ಇಬ್ಬರಲ್ಲಿ ಯಾರ ರಕ್ತದ ಗುಂಪು ರೋಗಿಯ ಗುಂಪಿಗೆ ಹೊಂದುತ್ತದೋ ಅವರಿಗೆ ಎಂದು ತಮ್ಮಲ್ಲೇ ತೀರ್ಮಾನ ಮಾಡಿಕೊಂಡರು. ಹೊಂದಿದ್ದು ಹ್ಯಾರಿಂಗ್ಟನ್‌ಗೆ.

ಐಟಿಪಿ ತೀವ್ರವಾಗಿದ್ದ ರೋಗಿಯಿಂದ ಅರ್ಧ ಲೀಟರಿನಷ್ಟು ರಕ್ತ ತೆಗೆದು ಹ್ಯಾರಿಂಗ್ಟನ್‌ನ ನರಕ್ಕೆ ಹರಿಸಲಾಯಿತು. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ಕೌಂಟ್ ಪಾತಾಳಕ್ಕೆ ಬಿತ್ತು. ಮೈಮೇಲೆ ಕೆಂಪು ಚುಕ್ಕೆಗಳೆದ್ದವು. ಅಷ್ಟರಲ್ಲಿ ಅವನಿಗೆ ಫಿಟ್ಸ್ ಬಂತು. ಪ್ಲೇಟ್‌ಲೆಟ್ ಇಷ್ಟು ತಳ ಕಂಡವರಿಗೆ ಫಿಟ್ಸ್ ಬಂದರೆ ವೈದ್ಯರ ಮನಸ್ಸಿಗೆ ಮೊದಲು ಬರುವುದು ಮಿದುಳಿನೊಳಗಿನ ರಕ್ತಸ್ರಾವ. ಐಟಿಪಿಯಲ್ಲಿ ಸಾವು ಬರುವುದು ಹೆಚ್ಚಾಗಿ ಆ ದಾರಿಯಲ್ಲೇ. ಜೊತೆಯವರು ಆ ದಿನಗಳನ್ನು ಹೇಗೆ ಕಳೆದಿರಬಹುದು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾಲ್ಕು ದಿನ ಕೌಂಟ್ ಅಪಾಯದ ಮಟ್ಟದಲ್ಲೇ ಇತ್ತು. ಐದನೆಯ ದಿನದ ಹೊತ್ತಿಗೆ ಏರಿತು. ಹ್ಯಾರಿಂಗ್ಟನ್ ಉಳಿದುಕೊಂಡ.

ಅಷ್ಟು ಅಪಾಯದ ನಡುವೆಯೂ ಅವರು ಒಂದು ಕೆಲಸ ಮರೆತಿರಲಿಲ್ಲ. ಹ್ಯಾರಿಂಗ್ಟನ್‌ನ ಎದೆಮೂಳೆಗೆ ಸೂಜಿ ಚುಚ್ಚಿ ಮಜ್ಜೆಯ ಮಾದರಿ ತೆಗೆದಿದ್ದರು. ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೆಗಾಕ್ಯಾರಿಯೊಸೈಟ್‌ಗಳು ಮಾಮೂಲಿನಂತೆ ಇದ್ದವು. ಮಜ್ಜೆ ಹಾಳಾಗಿರಲಿಲ್ಲ. ರಕ್ತದಲ್ಲಿದ್ದ ಪ್ಲೇಟ್‌ಲೆಟ್‌ಗಳೇ ಗಂಟೆಗಳಲ್ಲಿ ಸತ್ತಿದ್ದವು. ಎಂಟು-ಹತ್ತು ದಿನ ಬಾಳುವ ಕಣಗಳು ಅಷ್ಟು ಬೇಗ ಇಲ್ಲವಾಗಬೇಕಾದರೆ ಹೆರಿಗೆ ನಿಂತಿದ್ದಷ್ಟೇ ಕಾರಣವಾಗಲಾರದು. ಫ್ರಾಂಕ್ ಮತ್ತು ಕಾಜ್ನೆಲ್ಸನ್ ನಡುವಿನ ಮೂವತ್ತೈದು ವರ್ಷಗಳ ವಾದಕ್ಕೆ ಒಬ್ಬ ಮನುಷ್ಯನ ಮೈ ಉತ್ತರ ಕೊಟ್ಟಿತ್ತು.

ಆಮೇಲೆ ಸಹೋದ್ಯೋಗಿಗಳೂ ತೋಳು ಚಾಚಿದರು. ಬೇರೆ ಬೇರೆ ರೋಗಿಗಳ ರಕ್ತವನ್ನು, ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಹಾಕಿಸಿಕೊಂಡರು. ಅವರಲ್ಲಿ ಅನೇಕರ ಕೌಂಟ್ ಕೂಡ ಇಳಿಯಿತು, ಕೆಲವು ದಿನಗಳಲ್ಲಿ ಏರಿತು. ವರದಿ 1951ರಲ್ಲಿ ಪ್ರಕಟವಾಯಿತು. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು, ಕೊಡಲೂಬಾರದು. ಆಗ ಮೂರು ವರ್ಷದ ಹಿಂದಷ್ಟೇ, 1947ರಲ್ಲಿ, ನಾಜಿ ವೈದ್ಯರ ವಿಚಾರಣೆಯ ಕೊನೆಗೆ ನ್ಯೂರೆಂಬರ್ಗ್ ಸಂಹಿತೆ ಬಂದಿತ್ತು. ಸಾವು ಸಂಭವಿಸಬಹುದಾದ ಪ್ರಯೋಗಗಳನ್ನು ಅದು ನಿಷೇಧಿಸಿತ್ತು. ಪ್ರಯೋಗ ಮಾಡುವ ವೈದ್ಯರೇ ಪ್ರಯೋಗಕ್ಕೂ ಒಳಗಾಗುವ ಸಂದರ್ಭ ಬಹುಶಃ ಇದಕ್ಕೆ ಹೊರತು ಎಂದು ಅದರ ಐದನೆಯ ವಿಧಿ ಒಂದು ಕಿಂಡಿ ಬಿಟ್ಟಿತ್ತು. ಹ್ಯಾರಿಂಗ್ಟನ್ ಮಾಡಿದ್ದು ದುಡುಕೇ ಇರಬಹುದು. ಆದರೆ ರೋಗಿಯ ಮೈಯನ್ನಾಗಲಿ, ಬಡವನ ಮೈಯನ್ನಾಗಲಿ, ಕೈದಿಯ ಮೈಯನ್ನಾಗಲಿ ಹುಡುಕದೆ ಮೊದಲು ತನ್ನ ಮೈಯನ್ನು ಕೊಟ್ಟನಲ್ಲ, ಆ ಕಾಲದ ವೈದ್ಯ ಸಂಶೋಧನೆಯ ಚರಿತ್ರೆಯನ್ನು ಓದಿದವರು ಅದರ ಬೆಲೆಯನ್ನು ಬಲ್ಲರು.

ಒಂದು ವಿಷಯವನ್ನು ಇಲ್ಲೇ ಗುರುತು ಹಾಕಿಕೊಳ್ಳಬೇಕು. ಮುಂದಿನ ಪ್ರಯೋಗಗಳಲ್ಲಿ ಎಲ್ಲ ರೋಗಿಗಳ ಪ್ಲಾಸ್ಮಾವೂ ಕೌಂಟ್ ಇಳಿಸಲಿಲ್ಲ. ಹಲವರದ್ದು ಏನೂ ಮಾಡಲಿಲ್ಲ. ಗೆದ್ದ ಪ್ರಯೋಗದ ಸಂಭ್ರಮದಲ್ಲಿ ಈ ಸೋತ ಭಾಗ ಬಹುಕಾಲ ಮೂಲೆಯಲ್ಲಿ ಉಳಿಯಿತು.

ಪ್ಲಾಸ್ಮಾದಲ್ಲಿದ್ದ, ಪ್ಲೇಟ್‌ಲೆಟ್ ನಾಶಮಾಡುವ ವಸ್ತು ಏನು ಎಂಬುದನ್ನು 1965ರಲ್ಲಿ ಅಮೆರಿಕದ ರಫೇಲ್ ಶುಲ್ಮನ್ ಮತ್ತು ಸಂಗಡಿಗರು ಬಿಡಿಸಿಟ್ಟರು. ಅದು ಐಜಿಜಿ ವರ್ಗದ ಪ್ರತಿಕಾಯ. ಸೋಂಕು ಬಂದಾಗ ರೋಗಾಣುವಿಗೆ ಅಂಟಿಕೊಳ್ಳಬೇಕಾದ ಪ್ರೋಟೀನು ಇಲ್ಲಿ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತಿತ್ತು. ಮಾಸು ದಾಟಿ ಮಗುವಿಗೆ ಹೋಗುವ ಪ್ರತಿಕಾಯವೂ ಇದೇ ವರ್ಗದ್ದು. ಶುಲ್ಮನ್ ಇನ್ನೊಂದನ್ನೂ ಗಮನಿಸಿದರು. ಗುಲ್ಮ ಇಲ್ಲದವರಿಗೆ ಅದೇ ಪ್ಲಾಸ್ಮಾ ಹಾಕಿದರೆ ಕೌಂಟ್ ಅಷ್ಟಾಗಿ ಇಳಿಯುತ್ತಿರಲಿಲ್ಲ. ಎಂದರೆ ಪ್ರತಿಕಾಯ ತಾನೇ ಕೊಲ್ಲುವುದಿಲ್ಲ. ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಬಳಿಯುವ ಬಣ್ಣದ ಗುರುತಿನಂತೆ ಅದು. ಕೊಡಲಿ ಇರುವುದು ಬೇರೆಯವರ ಕೈಯಲ್ಲಿ.

ಕೊಡಲಿ ಹಿಡಿದದ್ದು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶ. ಗುಲ್ಮದ ಕಿರಿದಾದ ಹಾದಿಗಳಲ್ಲಿ ರಕ್ತ ನಿಧಾನವಾಗಿ ಜಿನುಗುವಾಗ ಈ ಕೋಶಗಳು ಪ್ರತಿಯೊಂದು ಕಣವನ್ನೂ ತಡವಿ ನೋಡುತ್ತವೆ. ಪ್ರತಿಕಾಯದ ಬಾಲವನ್ನು ಹಿಡಿಯುವ ಕೊಂಡಿಗಳು ಅವುಗಳ ಮೈಮೇಲಿವೆ. ಬಾಲ ಸಿಕ್ಕಿತೋ, ಪ್ಲೇಟ್‌ಲೆಟ್ ನುಂಗಿದಂತೆಯೇ. ಈ ಕೊಂಡಿಯ ಪಾತ್ರ ಬಯಲಾದದ್ದು ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಒಂದು ಅನಿರೀಕ್ಷಿತ ಘಟನೆಯಿಂದ. 1980ರಲ್ಲಿ ಪೌಲ್ ಇಂಬಾಖ್ ಎಂಬ ಮಕ್ಕಳ ವೈದ್ಯರ ಬಳಿ ತೀವ್ರ ಐಟಿಪಿ ಇದ್ದ 12 ವರ್ಷದ ಹುಡುಗನೊಬ್ಬನಿದ್ದ. ಕೊಟ್ಟ ಔಷಧಿಗಳಿಂದ ಅವನ ಪ್ರತಿಕಾಯಗಳ ಮಟ್ಟ ಕುಸಿದಿತ್ತು. ಸೋಂಕು ತಗಲಬಾರದೆಂದು ಆರೋಗ್ಯವಂತ ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಡ್ರಿಪ್‌ನಲ್ಲಿ ಕೊಟ್ಟರು. ಮಾರನೆಯ ದಿನ ನೋಡಿದರೆ ಪ್ಲೇಟ್‌ಲೆಟ್ ಏರಿತ್ತು! ಇನ್ನಷ್ಟು ಮಕ್ಕಳಲ್ಲೂ ಅದೇ ಆಯಿತು. 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಹೊರಗಿನಿಂದ ಬಂದ ಪ್ರತಿಕಾಯಗಳು ಭಕ್ಷಕ ಕೋಶದ ಕೊಂಡಿಗಳನ್ನೆಲ್ಲ ಆಕ್ರಮಿಸಿಕೊಂಡರೆ ಪ್ಲೇಟ್‌ಲೆಟ್ ಹಿಡಿಯಲು ಅದಕ್ಕೆ ಕೊಂಡಿ ಉಳಿಯದು ಎಂಬ ವಿವರಣೆ ಮೊದಲು ಮೂಡಿತು. ಇಮ್ಯುನೊಗ್ಲಾಬ್ಯುಲಿನ್ ಬೇರೆ ದಾರಿಗಳಿಂದಲೂ ಕೆಲಸ ಮಾಡುತ್ತದೆಂದು ಈಗ ಗೊತ್ತು. ಆದರೆ ಕೊಂಡಿಯ ಮಾತು ಸುಳ್ಳಾಗಲಿಲ್ಲ. 1986ರಲ್ಲಿ ನ್ಯೂಯಾರ್ಕಿನ ವೈದ್ಯರು ಯಾವ ಚಿಕಿತ್ಸೆಗೂ ಜಗ್ಗದ ಒಬ್ಬ ರೋಗಿಗೆ ನೇರವಾಗಿ ಆ ಕೊಂಡಿಯನ್ನೇ ಮುಚ್ಚುವ ಪ್ರತಿಕಾಯ ಕೊಟ್ಟಾಗಲೂ ಕೌಂಟ್ ಏರಿತು.

ಗುರುತು ಹಾಕುವವರಾರು? ಕ್ಯಾಲಿಫೋರ್ನಿಯದ ರಾಬರ್ಟ್ ಮ್ಯಾಕ್‌ಮಿಲನ್ 1970ರ ದಶಕದಲ್ಲಿ ರೋಗಿಗಳಿಂದ ತೆಗೆದ ಗುಲ್ಮದ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರು. ಪ್ಲೇಟ್‌ಲೆಟ್‌ಗೆ ಅಂಟುವ ಪ್ರತಿಕಾಯವನ್ನು ಆ ಗುಲ್ಮವೇ ತಯಾರಿಸುತ್ತಿತ್ತು. ಗುರುತು ಹಾಕುವ, ಬಿ ಕೋಶಗಳೆಂಬ ರೋಗನಿರೋಧಕ ಕೋಶಗಳೂ ಕಡಿಯುವ ಭಕ್ಷಕ ಕೋಶಗಳೂ ಒಂದೇ ಅಂಗದೊಳಗೆ! ವಿದ್ಯಾರ್ಥಿ ಕಾಜ್ನೆಲ್ಸನ್ನನ ಊಹೆ ಅವನು ಎಣಿಸಿದ್ದಕ್ಕಿಂತ ಹೆಚ್ಚು ನಿಜವಾಗಿತ್ತು. 1982ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ಪ್ರತಿಕಾಯಗಳು ಅಂಟುವ ಜಾಗವನ್ನೂ ತೋರಿಸಿದರು. ಗ್ಲಾನ್ಸ್‌ಮನ್ ಕಾಯಿಲೆ ಎಂಬ ಅಪರೂಪದ ವಂಶಪಾರಂಪರ್ಯ ರೋಗವಿರುವವರ ಪ್ಲೇಟ್‌ಲೆಟ್‌ಗಳ ಮೇಲೆ ಒಂದು ಜೋಡಿ ಪ್ರೋಟೀನು ಇರುವುದಿಲ್ಲ. ಐಟಿಪಿ ರೋಗಿಗಳ ಪ್ರತಿಕಾಯ ಹೆಚ್ಚಾಗಿ ಆ ಪ್ಲೇಟ್‌ಲೆಟ್‌ಗಳಿಗೆ ಅಂಟಲಿಲ್ಲ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಹಿಡಿದು ಗಾಯ ಮುಚ್ಚಲು ಬೇಕಾದ ಆ ಪ್ರೋಟೀನೇ ಪ್ರತಿಕಾಯಗಳ ಮುಖ್ಯ ಗುರಿಯಾಗಿತ್ತು.

ಬಿ ಕೋಶಗಳು ಇಂಥ ಪ್ರತಿಕಾಯವನ್ನು ತಮ್ಮಷ್ಟಕ್ಕೆ ತಯಾರಿಸುವುದಿಲ್ಲ, ಟಿ ಕೋಶಗಳೆಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳ ಕುಮ್ಮಕ್ಕು ಬೇಕು. 1991ರಲ್ಲಿ ಕೆನಡದ ಸೆಂಪಲ್ ಮತ್ತು ಫ್ರೀಡ್‌ಮನ್ ರೋಗಿಗಳ ಸಹಾಯಕ ಟಿ ಕೋಶಗಳು ಪ್ಲೇಟ್‌ಲೆಟ್ ಕಂಡೊಡನೆ ಕೆರಳುವುದನ್ನು ತೋರಿಸಿದರು. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದಲ್ಲಿ ಮಸತಾಕ ಕುವಾನ ಅವರ ತಂಡ ಇನ್ನೂ ಆಳಕ್ಕೆ ಇಳಿಯಿತು. 1998ರಲ್ಲಿ ಅವರಿಗೆ ಸಿಕ್ಕಿದ್ದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಆ ಪ್ಲೇಟ್‌ಲೆಟ್ ಪ್ರೋಟೀನಿನ ವಿರುದ್ಧ ಕೆರಳಬಲ್ಲ ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಇವೆ! ಇಡೀ ಪ್ರೋಟೀನನ್ನು ಕಂಡಾಗ ಅವು ಸುಮ್ಮನಿರುತ್ತವೆ. ಅದನ್ನು ತುಂಡರಿಸಿ, ಒಳಗೆ ಅಡಗಿದ್ದ ಭಾಗಗಳನ್ನು ಎದುರಿಗೆ ಹಿಡಿದಾಗ ಮಾತ್ರ ಏಳುತ್ತವೆ.

ತುಂಡರಿಸಿ ಎದುರಿಗೆ ಹಿಡಿಯುವವರು ಯಾರು? 2009ರಲ್ಲಿ ಅದೇ ತಂಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುಲ್ಮಗಳಿಂದ ಉತ್ತರ ಪಡೆಯಿತು. ಅದೇ ಭಕ್ಷಕ ಕೋಶ. ಪ್ಲೇಟ್‌ಲೆಟ್ ನುಂಗುವುದಷ್ಟೇ ಅದರ ಕೆಲಸವಾಗಿರಲಿಲ್ಲ. ನುಂಗಿದ್ದನ್ನು ಅರಗಿಸಿ, ಪ್ರೋಟೀನಿನ ಚೂರುಗಳನ್ನು ತನ್ನ ಹೊರಮೈಗೆ ತಂದು ಟಿ ಕೋಶಗಳಿಗೆ ತೋರಿಸುತ್ತಿತ್ತು. ಟಿ ಕೋಶಗಳು ಬಿ ಕೋಶಗಳನ್ನು ಎಬ್ಬಿಸುತ್ತಿದ್ದವು. ಬಿ ಕೋಶಗಳಿಂದ ಹೊಸ ಪ್ರತಿಕಾಯ, ಪ್ರತಿಕಾಯ ಅಂಟಿದ ಹೊಸ ಪ್ಲೇಟ್‌ಲೆಟ್, ಅದನ್ನು ಹಿಡಿಯುವ ಭಕ್ಷಕ ಕೋಶ, ಮತ್ತೆ ಹೊಸ ಚೂರುಗಳು. ಪ್ರತಿ ಪ್ಲೇಟ್‌ಲೆಟ್‌ನ ಸಾವೂ ಮುಂದಿನ ಸಾವುಗಳಿಗೆ ಕಾರಣವಾಗುತ್ತಿತ್ತು. ಕೆಲವರಲ್ಲಿ ಈ ರೋಗ ವರ್ಷಗಟ್ಟಲೆ ಬಿಡದೆ ಕಾಡುವುದೇಕೆ ಎಂಬುದಕ್ಕೆ ನಾನು ಕಂಡ ಅತ್ಯಂತ ಮನದಟ್ಟಾಗುವ ವಿವರಣೆ ಇದು. ಆರೋಗ್ಯವಂತರಲ್ಲಿ ಇಂಥ ಕೆರಳಿಕೆಯನ್ನು ಅದುಮಿಡುವ ನಿಯಂತ್ರಕ ಟಿ ಕೋಶಗಳು ಐಟಿಪಿ ರೋಗಿಗಳಲ್ಲಿ ಕಡಿಮೆ ಅಥವಾ ದುರ್ಬಲ ಎಂದು 2007-08ರ ಸುಮಾರಿಗೆ ಹಲವು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು.

ಈಗ ಆ ಮೂಲೆಯಲ್ಲಿ ಉಳಿದ ಪ್ರಶ್ನೆ. ಕೆಲವರ ಪ್ಲಾಸ್ಮಾ ಏನೂ ಮಾಡಲಿಲ್ಲ ಏಕೆ? ಸೂಕ್ಷ್ಮ ಪರೀಕ್ಷೆಗಳು ಬಂದ ಮೇಲೂ ಅನೇಕ ರೋಗಿಗಳಲ್ಲಿ ಪ್ಲೇಟ್‌ಲೆಟ್ ಪ್ರತಿಕಾಯ ಪತ್ತೆಯಾಗುವುದೇ ಇಲ್ಲ. 2003ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಓಲ್ಸನ್ ಮತ್ತು ಸಂಗಡಿಗರು ರೋಗ ಜೋರಾಗಿದ್ದವರ ರಕ್ತದಿಂದ ಕೊಲ್ಲುವ ಬಗೆಯ ಟಿ ಕೋಶಗಳನ್ನು ಬೇರ್ಪಡಿಸಿ ಪ್ಲೇಟ್‌ಲೆಟ್‌ಗಳ ಜೊತೆ ಇಟ್ಟರು. ಪ್ರತಿಕಾಯದ ಗುರುತಿಲ್ಲದೆಯೇ ಆ ಕೋಶಗಳು ಪ್ಲೇಟ್‌ಲೆಟ್‌ಗಳನ್ನು ಒಡೆದವು. ರೋಗ ಶಮನವಾಗಿದ್ದವರ ಕೋಶಗಳು ಹಾಗೆ ಮಾಡಲಿಲ್ಲ. ಹ್ಯಾರಿಂಗ್ಟನ್ ಪ್ರಯೋಗದಲ್ಲಿ ಇಂಥ ರೋಗಿಗಳು ಸಿಕ್ಕಿಬೀಳಲು ಸಾಧ್ಯವೇ ಇರಲಿಲ್ಲ. ಅವರ ಪ್ಲಾಸ್ಮಾದಲ್ಲಿ ಹುಡುಕಲು ಬಹುಶಃ ಏನೂ ಇರಲಿಲ್ಲ, ಕೊಲೆಗಾರ ಜೀವಕೋಶವೇ ಆಗಿದ್ದಿರಬಹುದು. ಐವತ್ತು ವರ್ಷ ಬದಿಗೆ ಸರಿಸಿಟ್ಟ ಫಲಿತಾಂಶ ವೈಫಲ್ಯವಾಗಿರಲಿಲ್ಲ.

ಫ್ರಾಂಕ್ ಕೂಡ ಪೂರ್ತಿ ಸೋಲಲಿಲ್ಲ. 1987ರಲ್ಲಿ ಪ್ಲೇಟ್‌ಲೆಟ್‌ಗಳಿಗೆ ವಿಕಿರಣಶೀಲ ಗುರುತು ಹಚ್ಚಿ ಅಳೆದಾಗ, ಇಷ್ಟು ನಾಶವಾಗುತ್ತಿದ್ದರೂ ಅನೇಕ ರೋಗಿಗಳ ಮಜ್ಜೆ ಹೆಚ್ಚು ಹೆರುತ್ತಿಲ್ಲ ಎಂಬುದು ತಿಳಿಯಿತು. ಅದೇ ಪ್ರತಿಕಾಯಗಳು, ಅದೇ ಟಿ ಕೋಶಗಳು ಮೆಗಾಕ್ಯಾರಿಯೊಸೈಟ್‌ಗಳ ಮೇಲೂ ಎರಗುತ್ತವೆ. ಮಜ್ಜೆಯನ್ನು ಹುರಿದುಂಬಿಸುವ ರೋಮಿಪ್ಲೋಸ್ಟಿಮ್, ಎಲ್ಟ್ರೊಂಬೊಪ್ಯಾಗ್ ಔಷಧಿಗಳು 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ಈ ತಿಳಿವಿನ ಬಲದಿಂದ.

ಕೋಶಗಳನ್ನೇ ಗುರಿಯಿಟ್ಟ ಚಿಕಿತ್ಸೆಗಳು ಹೊಸ ಪಾಠಗಳನ್ನೂ ಕಲಿಸಿದವು. ರಿಟುಕ್ಸಿಮ್ಯಾಬ್ ಔಷಧಿ ಬಿ ಕೋಶಗಳನ್ನು ಅಳಿಸಿಹಾಕುತ್ತದೆ. ಆದರೂ ಕೆಲವರಿಗೆ ಪ್ರಯೋಜನವಾಗುವುದಿಲ್ಲ. ಅಂಥವರ ಗುಲ್ಮಗಳನ್ನು ಫ್ರಾನ್ಸಿನ ಮಾಹೇವಾಸ್ ತಂಡ ಪರೀಕ್ಷಿಸಿ 2013ರಲ್ಲಿ ಹೊರಗಿಟ್ಟ ಫಲಿತಾಂಶ ಅಚ್ಚರಿಯದು. ಬಿ ಕೋಶಗಳು ನಿಜಕ್ಕೂ ಅಳಿದಿದ್ದವು. ಆದರೆ ಅವುಗಳಿಂದ ಮೊದಲೇ ಹುಟ್ಟಿದ್ದ, ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳು ಗುಲ್ಮದಲ್ಲಿ ದೀರ್ಘಾಯುಷಿಗಳಾಗಿ ಬೇರೂರಿದ್ದವು. ಆ ಔಷಧಿಗೆ ಅವು ಸಿಗುವುದಿಲ್ಲ. ಎದುರಾಳಿಯನ್ನು ಅಳಿಸಿದ ಜಾಗದಲ್ಲೇ ಇನ್ನೊಬ್ಬ ಗಟ್ಟಿಯಾಗಿ ನಿಂತಿದ್ದ. 2018ರಲ್ಲಿ ಭಕ್ಷಕ ಕೋಶದೊಳಗಿನ ‘ನುಂಗು’ ಎಂಬ ಸಂಕೇತವನ್ನೇ ತಡೆಯುವ ಫೋಸ್ಟಾಮ್ಯಾಟಿನಿಬ್ ಮಾತ್ರೆ ಬಂತು.

ಇಷ್ಟೆಲ್ಲ ತಿಳಿದ ಮೇಲೂ ಐಟಿಪಿಯನ್ನು ಖಚಿತವಾಗಿ ತೋರಿಸುವ ಒಂದೇ ಒಂದು ರಕ್ತಪರೀಕ್ಷೆ ಇಂದಿಗೂ ಇಲ್ಲ. ಪ್ಲೇಟ್‌ಲೆಟ್ ಇಳಿಸುವ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ವೈದ್ಯರು ಇದೇ ಎಂದು ನಿರ್ಧರಿಸುತ್ತಾರೆ. ಯಾವ ರೋಗಿಯಲ್ಲಿ ಯಾವ ಕೋಶದ ಕೈವಾಡ ಹೆಚ್ಚು ಎಂದು ಮೊದಲೇ ತಿಳಿಯುವ ಮಾಮೂಲಿ ವಿಧಾನವೂ ಇಲ್ಲ. ಸ್ಟೀರಾಯ್ಡ್‌ನಿಂದ ಶುರುಮಾಡಿ, ಒಂದು ಫಲಿಸದಿದ್ದರೆ ಇನ್ನೊಂದನ್ನು ಕೊಟ್ಟು ನೋಡುತ್ತಾರೆ. ಮಕ್ಕಳಲ್ಲಿ ಹೆಚ್ಚಿನವರು ಆರು ತಿಂಗಳೊಳಗೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ದೊಡ್ಡವರಲ್ಲಿ ರೋಗ ಬಹಳ ಸಲ ಬಿಡದೆ ಉಳಿಯುತ್ತದೆ.

ಓದುಗರಲ್ಲಿ ಒಂದು ವಿನಂತಿ. ಒತ್ತಿದರೂ ಮಾಸದ ಕೆಂಪು ಚುಕ್ಕೆ, ಕಾರಣವಿಲ್ಲದ ಕಪ್ಪುಗಟ್ಟುವಿಕೆ, ನಿಲ್ಲದ ಮೂಗಿನ ರಕ್ತ ಮನೆಯಲ್ಲಿ ಯಾರಲ್ಲಾದರೂ ಕಂಡರೆ ಅಂದೇ ರಕ್ತಪರೀಕ್ಷೆ ಮಾಡಿಸಿ. ಪಪಾಯ ಎಲೆಯ ರಸ ಕುಡಿಸಿ ಕೌಂಟ್ ಏರಲಿ ಎಂದು ಕಾಯಬೇಡಿ. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬೇಡಿ. ಅವು ಉಳಿದಿರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ. ಪ್ಲೇಟ್‌ಲೆಟ್ ಹಾಕಿಸಿ ಎಂದು ವೈದ್ಯರನ್ನು ಒತ್ತಾಯಿಸಲೂ ಬೇಡಿ. ಹೊರಗಿನಿಂದ ಹಾಕಿದ ಪ್ಲೇಟ್‌ಲೆಟ್‌ಗಳನ್ನೂ ಅದೇ ಕೋಶಗಳು ಗಂಟೆಗಳಲ್ಲಿ ಮುಗಿಸಿಬಿಡುತ್ತವೆ. ಜೀವಕ್ಕೆ ಅಪಾಯವಾಗುವಂತೆ ರಕ್ತ ಸೋರುವಾಗ ಮಾತ್ರ ಅದು ಬೇಕಾಗುತ್ತದೆ. ಚುಕ್ಕೆಗಳ ಜೊತೆಗೆ ಜೋರು ತಲೆನೋವು, ವಾಂತಿ ಅಥವಾ ಮಂಪರು ಇದ್ದರೆ ಒಂದು ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.